ರಬ್ಬರಿನ ಅವಾಂತರ

ಎಲ್ಲಕ್ಕೂ ಕಾರಣ ಲೈಬ್ರರಿಯನ್‌ನ ಮಗಳ ನಗು. ಹಿಂದಿನ ಸಂಜೆ ಅಪ್ಪ ಲೈಬ್ರರಿಯಿಂದ ತಂದಿದ್ದ ದೆವ್ವದ ಕಾದಂಬರಿ ಓದುತ್ತಾ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ದೆವ್ವದ ಕತೆಗೆ ಯಾರಾದರೂ ನಗುತ್ತಾರೆಯೇ ಎಂದು ಯೋಚಿಸುವ ತಾಳ್ಮೆ ಲೈಬ್ರರಿಯನ್‌ಗೆ ಇರಲಿಲ್ಲ. ಹೈಸ್ಕೂಲು ಹುಡುಗಿಗೆ ಮಜಾ ಕೊಡುವ ಪುಸ್ತಕವೊಂದು ಸಿಕ್ಕಿತಲ್ಲ, ಅವನಿಗೆ ಅಷ್ಟೇ ಸಾಕಾಗಿತ್ತು.

ಏಕೆಂದರೆ ಇಂದು ಸಂಜೆ ಪುರಸಭೆಯ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು. ಹದಿಹರೆಯದವರು ಕೂತು ಓದುವುದು ಅವರ ಕಣ್ಣಿಗೆ ಬೀಳದಿದ್ದರೆ ಲೈಬ್ರರಿಗೆ ಬೀಗ, ಲೈಬ್ರರಿಯನ್‌ಗೆ ನೀರಿನ ತೆರಿಗೆ ಕೌಂಟರು. ಆ ಕೌಂಟರಿನಲ್ಲಿ ಅವನು ಹಿಂದೊಮ್ಮೆ ಕೂತು ಅನುಭವಿಸಿದ್ದ. ನಲ್ಲಿಯಲ್ಲಿ ಬರೀ ಗಾಳಿ ಬಂದರೂ ಜನ ಅವನಿಗೇ ಬೈಯುತ್ತಿದ್ದರು. ಈಗಲೂ ನಲ್ಲಿ ತಿರುಗಿಸುವ ಮುನ್ನ ಅವನು ಬೈಯಲು ಯಾರಾದರೂ ನಿಂತಿದ್ದಾರೆಯೇ ಎಂದು ಸುತ್ತ ನೋಡುತ್ತಾನೆ.

"ನಿನ್ನ ಫ್ರೆಂಡ್ಸನ್ನ ಕರ್ಕೊಂಡು ಬಾರಮ್ಮ. ಆ ದೆವ್ವದ ಸರಣಿ ಪೂರ್ತಿ ಮೇಜಿನ ಮೇಲಿಟ್ಟಿರ್ತೀನಿ," ಎಂದು ಬೆಳಿಗ್ಗೆ ಮಗಳನ್ನು ಬೇಡಿಕೊಂಡಿದ್ದ.

"ಆಗ್ಲೇ ಹೇಳಿದೀನಪ್ಪ. ಎಲ್ಲರೂ ತುದಿಗಾಲಲ್ಲಿ ನಿಂತಿದಾರೆ," ಎಂದಿದ್ದಳು ಅವಳು.

ಪುಸ್ತಕಗಳನ್ನು ಜೋಡಿಸಿ, 'ಹದಿಹರೆಯದವರಿಗೆ ನಮ್ಮ ಶಿಫಾರಸು' ಎಂಬ ಚೀಟಿ ಅಂಟಿಸುತ್ತಿರುವಾಗ ಪೇಪರ್ ತಾತ ಬಂದರು. ದಿನವಿಡೀ ಕೂತು ಪೇಪರಿನ ಜಾಹೀರಾತನ್ನೂ ಬಿಡದೆ ಓದುವ ನಿವೃತ್ತ ಗುಮಾಸ್ತರು. ಬಿಟ್ಟಿ ಸಲಹೆ ಕೊಡುವುದರಲ್ಲಿ ಎತ್ತಿದ ಕೈ. ಒಂದು ಪುಸ್ತಕ ತೆರೆದವರೇ ಹುಬ್ಬೇರಿಸಿದರು.

"ಏನಪ್ಪಾ ಇದು?"

ಅಂಚಿನ ತುಂಬ ಪೆನ್ಸಿಲ್ ಬರಹ. 'ಈ ದೆವ್ವ ನಮ್ಮ ಅತ್ತೆ ಥರಾನೇ ಇದೆ.' ಅದರ ಕೆಳಗೆ ಬೇರೆ ಕೈಬರಹದಲ್ಲಿ, 'ನಿಮ್ಮ ಅತ್ತೇನ ನಾನೂ ನೋಡಿದೀನಿ, ದೆವ್ವಾನೇ ವಾಸಿ.' ಯಾವ ಕಾಲದ ಓದುಗರೋ, ಇಬ್ಬರು ಪುಟಪುಟಕ್ಕೂ ಜಗಳವಾಡಿದ್ದರು. ಉಳಿದ ಪುಸ್ತಕಗಳಲ್ಲೂ ಅದೇ ಹಾಡು. ಲೈಬ್ರರಿಯನ್ ಪುಸ್ತಕವನ್ನು ಪಟಕ್ಕನೆ ಮುಚ್ಚಿದ.

"ಸಾಹೇಬ್ರು ನೋಡಿದ್ರೆ ನಿನ್ನ ಕತೆ ಮುಗೀತು," ಎಂದರು ತಾತ. "ಒಂದು ಗೀಟು ಕಂಡ್ರೂ ಕೆಂಡವಾಗ್ತಾರಂತೆ."

"ಹೋದ ಸಲ ಒಬ್ಬರನ್ನ ನಿಂತ ನಿಲುವಲ್ಲೇ ಎತ್ತಂಗಡಿ ಮಾಡಿದ್ರಂತೆ," ಎಂದು ಕಸ ಗುಡಿಸುವ ಅಕ್ಕ ಪೊರಕೆ ಊರಿಕೊಂಡು ಒಗ್ಗರಣೆ ಹಾಕಿದಳು.

ಲೈಬ್ರರಿಯನ್ ಊಟ ಮರೆತು, ರಬ್ಬರು ಹಿಡಿದು ಅಳಿಸತೊಡಗಿದ. ಪುಟ ತಿರುವಿಕೊಡಲು ಕೂತ ತಾತ ನಡುನಡುವೆ ಕಿಸಕ್ಕನೆ ನಕ್ಕು ನಿಂತುಬಿಡುತ್ತಿದ್ದರು.

"ತಡಿಯಪ್ಪ, ಇದೊಂದು ಓದ್ಕೋತೀನಿ."

"ತಾತಾ, ನಿಮ್ಮ ದಮ್ಮಯ್ಯ, ತಿರುವಿ."

ಬೆರಳಲ್ಲಿ ಬೊಬ್ಬೆ ಎದ್ದಿತು. ಗಡಿಯಾರ ನೋಡಿದಾಗಲೆಲ್ಲ ಅವನಿಗೆ ನಲ್ಲಿಯ ಸದ್ದು ಕೇಳಿಸುತ್ತಿತ್ತು. ಕೊನೆಯ ಸಾಲು ಅಳಿಸುವ ಹೊತ್ತಿಗೆ ಮೆಟ್ಟಿಲ ಮೇಲೆ ಮಕ್ಕಳ ಗದ್ದಲ.

ಒಬ್ಬೊಬ್ಬರೂ ಒಂದೊಂದು ಪುಸ್ತಕ ಕಿತ್ತುಕೊಂಡು ಪುಟ ತಿರುವಿದರು. ಮತ್ತೆ ಹಿಂದಕ್ಕೆ ತಿರುವಿದರು.

"ಅಪ್ಪಾ, ಅತ್ತೆ ಎಲ್ಲಿ?" ಎಂದಳು ಮಗಳು.

"ಯಾವ ಅತ್ತೆ?"

"ಪೆನ್ಸಿಲ್ ಅತ್ತೆ. ಅದನ್ನ ಓದೋಕೇ ಇವರೆಲ್ಲ ಬಂದಿರೋದು. ಕತೆ ಬರೀ ಬೋರು."

ಲೈಬ್ರರಿಯನ್ ಇಂಗು ತಿಂದ ಮಂಗನಂತಾದ. "ಸ್ವಲ್ಪ ಹೊತ್ತು ಸುಮ್ನೆ ಕೂತ್ಕೊಳ್ರಪ್ಪಾ," ಎಂದು ಅಂಗಲಾಚಿದ. "ನಿಮ್ಮಪ್ಪ ಮೋಸ ಮಾಡಿದ್ರು ಕಣೇ," ಎನ್ನುತ್ತ ಮಕ್ಕಳು ಬಂದ ದಾರಿ ಹಿಡಿದರು. ಅವರನ್ನು ತಡೆಯಲು ಮಗಳೂ ಹಿಂದೆಯೇ ಓಡಿದಳು.

ಅವರು ಹೋದ ಬಾಗಿಲಲ್ಲೇ ಸಾಹೇಬರು ಒಳಗೆ ಬಂದರು. ಖಾಲಿ ಕುರ್ಚಿಗಳನ್ನು ನೋಡಿದರು, ತಾತನನ್ನು ನೋಡಿದರು. ಒಂದು ಪುಸ್ತಕ ಎತ್ತಿ ಬೆಳಕಿಗೆ ಹಿಡಿದರು.

"ಒಂದು ಗೀಟೂ ಇಲ್ಲ. ಚೊಕ್ಕವಾಗಿದೆ."

ಲೈಬ್ರರಿಯನ್‌ಗೆ ಹೋದ ಜೀವ ಬಂದಂತಾಯಿತು.

"ಅಂದ್ರೆ ಇದನ್ನ ಯಾರೂ ಓದೇ ಇಲ್ಲ," ಎಂದರು ಸಾಹೇಬರು. "ಮಕ್ಕಳು ಇಷ್ಟಪಟ್ಟು ಓದಿದ ಪುಸ್ತಕ ಹೀಗಿರತ್ತೇನ್ರೀ? ನಮ್ಮ ಕಾಲದಲ್ಲಿ ಅಂಚಿನ ತುಂಬ ಗೀಚ್ತಿದ್ವಿ."

ಜೇಬಿನಿಂದ ಪೆನ್ಸಿಲ್ ತೆಗೆದು, ಮೇಜಿನ ಮೇಲಿನ ಶಿಫಾರಸಿನ ಚೀಟಿಯ ಕೆಳಗೆ ಬರೆದರು: 'ಲೈಬ್ರರಿಯನ್‌ಗೆ ನನ್ನ ಶಿಫಾರಸು, ನೀರಿನ ತೆರಿಗೆ ಕೌಂಟರು.'

ಸಾಹೇಬರು ಅತ್ತ ತಿರುಗಿದ್ದೇ ತಡ, ಲೈಬ್ರರಿಯನ್ ಗಬಕ್ಕನೆ ರಬ್ಬರಿಗಾಗಿ ಮೇಜು ತಡಕಿದ. ಅಲ್ಲಿ ಪುಡಿ ಮಾತ್ರ ಉಳಿದಿತ್ತು.