ಏಳನೆಯ ಕುರ್ಚಿ

ಗ್ರಂಥಾಲಯದ ಗುಮಾಸ್ತನ ತಾತ್ಕಾಲಿಕ ನೌಕರಿ ಆ ಸಂಜೆಗೆ ಮುಗಿಯುವುದಿತ್ತು. ಕಾಯಂ ಆಗಲು ಸಮಿತಿಯ ಒಂದು ಠರಾವು ಸಾಕು, ತಕರಾರು ಯಾರದೂ ಇರಲಿಲ್ಲ. ಆದರೆ ಹನ್ನೊಂದು ಮಂದಿ ಸದಸ್ಯರಲ್ಲಿ ಏಳು ಜನ ಕೂತರಷ್ಟೇ ಕೋರಂ. ನಾಲ್ಕು ಗಂಟೆಗೆ ಬಂದಿದ್ದವರು ಐದೇ ಮಂದಿ, ಅದೂ ನೌಕರರ ಪ್ರತಿನಿಧಿಯೆಂದು ಕುರ್ಚಿ ಪಡೆದಿದ್ದ ಅವನನ್ನೂ ಸೇರಿಸಿ.

ಬಾಲ ಸುಟ್ಟ ಬೆಕ್ಕಿನಂತೆ ಅವನು ಬೀದಿಗೆ ಓಡಿದ. ಮೊದಲು ಸಿಕ್ಕ ಸದಸ್ಯ, ಟೈಲರ್, ಮೆಷಿನ್ನಿನಿಂದ ಕಾಲು ತೆಗೆಯಲಿಲ್ಲ.

"ಕೋರಂ ಅಂದ್ರೇನಯ್ಯಾ?"

"ಏಳು ಜನ ಇರಬೇಕು ಅಂತ."

"ಯಾವ ಏಳು ಜನ?"

"ನಮ್ಮಲ್ಲಿ ಯಾರಾದ್ರೂ ಏಳು ಜನ."

"ಯಾರಾದ್ರೂ ಆಗೋದಾದ್ರೆ ನಾನೇ ಯಾಕೆ?"

ಗುಮಾಸ್ತ ಗೋಗರೆದು, ಕೊರಳಲ್ಲಿ ಟೇಪು ನೇತಾಡುತ್ತಿದ್ದಂತೆಯೇ ಅವನನ್ನು ಎಬ್ಬಿಸಿಕೊಂಡು ಹೊರಟ.

ಏಳನೆಯವರು ನಿವೃತ್ತ ಮೇಷ್ಟ್ರು. ಅರ್ಥ ತಿಳಿಯದ ಮಾತಿಗೆ ಜೀವಮಾನದಲ್ಲಿ ಹೂಂಗುಟ್ಟಿದವರಲ್ಲ. ನಿಘಂಟು ಇಳಿಸಿ, ಧೂಳು ಕೊಡವಿ, ಕನ್ನಡಕ ಹುಡುಕುವಷ್ಟರಲ್ಲಿ ಐದು ಹೊಡೆಯಿತು. ಕೋರಂ ಎಂಬುದು ಲ್ಯಾಟಿನ್ ಪದವಂತೆ, 'ಯಾರ ಪೈಕಿ' ಎಂದಷ್ಟೇ ಅರ್ಥವಂತೆ. ಹಿಂದೆ ಇಂಗ್ಲೆಂಡಿನಲ್ಲಿ ನ್ಯಾಯಾಧಿಕಾರಿಗಳನ್ನು ನೇಮಿಸುವಾಗ ಒಂದು ದೊಡ್ಡ ಪಟ್ಟಿ ಬರೆದು, 'ಇವರ ಪೈಕಿ ನೀನೊಬ್ಬ ಇರಲೇಬೇಕು' ಎಂದು ಮುಖ್ಯರಾದವರಿಗೆ ತಿಳಿಸುತ್ತಿದ್ದರಂತೆ. ಇರಲೇಬೇಕಾದವರ ಮಾತು ಸವೆದು ಸವೆದು, ಬರೀ ತಲೆ ಎಣಿಕೆಯಾಯಿತಂತೆ.

ಗುಮಾಸ್ತನಿಗೆ ತಲೆ ಗಿರ್ರೆಂದಿತು. ಮುಖ್ಯರಾದವರು ಬೇಕೋ, ಯಾರಾದರೂ ಸಾಕೋ? 'ಯಾರ ಪೈಕಿ' ಎನ್ನುವ ಅರೆಬರೆ ಮಾತನ್ನು ನಂಬಿ ತನ್ನ ಅನ್ನ ನಿಂತಿದೆಯೇ?

"ಮೇಷ್ಟ್ರೇ, ಅವರ ಪೈಕಿ ನೀವೊಬ್ಬರು. ದಯವಿಟ್ಟು ಚಪ್ಪಲಿ ಮೆಟ್ಟಿಕೊಳ್ಳಿ" ಎಂದ.

ಸಭೆ ತುಂಬಿತು. ಅಧ್ಯಕ್ಷರಾದ ಹಲ್ಲಿನ ಡಾಕ್ಟರಮ್ಮ ಬಾಯಿ ತೆರೆಸಿ ಹಲ್ಲು ಎಣಿಸುವವರಂತೆ ಒಬ್ಬೊಬ್ಬರನ್ನೇ ಎಣಿಸಿ, ಏಳು ಎಂದು ಬರೆದುಕೊಂಡರು. ಗುಮಾಸ್ತ ಇಡೀ ದಿನದಲ್ಲಿ ಮೊದಲ ಬಾರಿ ಉಸಿರು ಬಿಟ್ಟ.

"ಮೊದಲನೇ ವಿಷಯ ನಿಮ್ಮದೇ" ಎಂದರು ಡಾಕ್ಟರಮ್ಮ. "ನಮ್ಮ ವಿಷಯ ಬಂದಾಗ ನಾವು ಕೂರೋ ಹಾಗಿಲ್ಲ ನೋಡಿ. ಐದು ನಿಮಿಷ ಹೊರಗಿರಿ."

ಅವನು ಸಂತೋಷದಿಂದಲೇ ಹೊರಗೆ ನಿಂತ. ಎರಡೇ ನಿಮಿಷಕ್ಕೆ ಬಾಗಿಲು ತೆರೆಯಿತು. ಎಲ್ಲರೂ ಚಪ್ಪಲಿ ಹುಡುಕತೊಡಗಿದರು.

"ಆಯ್ತಾ ಮೇಡಂ?"

"ಎಲ್ಲಿ ಆಯ್ತು? ಎಣಿಸಿದ್ರೆ ಆರೇ ಜನ. ಮುಂದಕ್ಕೆ ಹಾಕಿದೀವಿ."

"ಈಗ ತಾನೇ ಏಳು ಜನ ಇದ್ರಲ್ಲ!"

"ಏಳನೆಯವರು ಎದ್ದು ಹೋದ್ರಲ್ಲಪ್ಪ" ಎಂದರು ಮೇಷ್ಟ್ರು, ಬೇಸರದಿಂದ. "ಇರಲೇಬೇಕಾದವರು ನೀವೇ ಆಗಿದ್ರಿ."

ಡಾಕ್ಟರಮ್ಮ ಸಮಾಧಾನ ಹೇಳಿದರು. ನಾಳೆ ಬೆಳಿಗ್ಗೆಯೇ ಮತ್ತೆ ಸಭೆ ಕರೆಯಬಹುದು, ನಿಯಮದ ಪ್ರಕಾರ ಸಭೆಯ ದಿನವೇ ಗುಮಾಸ್ತರ ಸಹಿಯ ನೋಟೀಸೊಂದು ಹೊರಟರೆ ಸಾಕು.

"ನಾಳೆ ಗುಮಾಸ್ತರು ಯಾರು ಮೇಡಂ?" ಎಂದು ಅವನು ಕೇಳಿದ.

ಆರು ಜನವೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದನ್ನು ತೀರ್ಮಾನಿಸಲೂ ಏಳು ಜನ ಬೇಕಿತ್ತು.