ಹಿಂದಿನ ವರದಿಯಂತೆ ಟಾಕಿ ತುಂಬಿದೆ

ಮೂವತ್ತು ವರ್ಷ ಊರೂರಿನ ಶಾಲೆಗಳನ್ನು ತಪಾಸಣೆ ಮಾಡಿದ ಮನುಷ್ಯನನ್ನು, ನಿವೃತ್ತನಾದ ಮೇಲೆ, ಅವನ ಮನೆಯಲ್ಲೇ ತಪಾಸಣೆಗೆ ಒಳಪಡಿಸುವುದೆಂದರೆ ಎಂಥ ಅನ್ಯಾಯ, ನೀವೇ ಹೇಳಿ. ಮನುಷ್ಯರು ಬಂದಿದ್ದರೆ ಕೂಡ್ರಿಸಿ, ಗಿರಮಿಟ್ ತಿನ್ನಿಸಿ, ಚಹಾ ಕುಡಿಸಿ ಕಳಿಸಬಹುದಿತ್ತು. ನನ್ನನ್ನು ತಪಾಸಣೆ ಮಾಡಿದ್ದು ಫೋನಿನೊಳಗೆ ಕೂತ ಒಂದು ಯಂತ್ರ. ಅದಕ್ಕೆ ಚಹಾದ ಮರ್ಯಾದೆ ಗೊತ್ತಿಲ್ಲ. ನನ್ನ ಕಾಲದಲ್ಲಿ ತಪಾಸಣೆಗೆ ಒಂದು ರೀತಿ ಇತ್ತು. ಹೆಡ್‌ಮಾಸ್ತರರ ಕೋಣೆಯಲ್ಲಿ ಕೂತು, ಅವರು ತರಿಸಿದ ಮಿರ್ಚಿ ಮುಗಿಸಿ, ಕೈ ಒರೆಸಿಕೊಂಡು, ದಫ್ತರದಲ್ಲಿ ‘ಹಿಂದಿನ ವರದಿಯಂತೆಯೇ ಇದೆ’ ಎಂದು ಬರೆದು ಸಹಿ ಹಾಕುತ್ತಿದ್ದೆ. ಯಾರಿಗೂ ತ್ರಾಸಿಲ್ಲ. ನನ್ನ ಅಕ್ಷರಗಳು ಮುತ್ತಿನಂತಿವೆ ಎಂದು ತಾಲ್ಲೂಕಿನಲ್ಲೆಲ್ಲ ಹೆಸರಿತ್ತು.

ಆದದ್ದಿಷ್ಟು. ನನ್ನ ಹೆಂಡತಿ ಶಾಂತಾಳ ಅಕ್ಕ ಗಿರಿಜಕ್ಕನವರಿಗೆ ಮೊಣಕಾಲಿನ ಆಪರೇಷನ್ ಆಯಿತು. ಅವರು ಇರುವುದು ಅಳ್ನಾವರದಲ್ಲಿ. ಶಾಂತಾ ಅಲ್ಲಿಗೆ ಹೋಗಿ, ಒಂಬತ್ತು ದಿನ ಇದ್ದು, ಅಕ್ಕನನ್ನು ಆರೈಕೆಗೆಂದು ನವಲಗುಂದದ ನಮ್ಮ ಮನೆಗೇ ಕರೆತರುವುದೆಂದು ತೀರ್ಮಾನವಾಯಿತು. ನಮ್ಮ ಓಣಿಗೆ ನಳದ ನೀರು ಬರುವುದು ಎಂಟು ದಿನಕ್ಕೊಮ್ಮೆ. ಅವಳು ಹೊರಟ ದಿನವೇ ನೀರು ಬಂದು, ಮಾಳಿಗೆಯ ಮೇಲಿನ ಟಾಕಿ ತುಂಬಿತ್ತು. ಇನ್ನೊಂದು ಸರದಿ ಅವಳು ಬರುವ ಮುಂಚಿನ ದಿನಕ್ಕೆ. “ನೋಡ್ರಿ, ನಿಮಗ ಒಂದ ಕೆಲಸ. ನೀರ ಬಂದ ದಿವಸ ಮೋಟಾರ ಚಾಲೂ ಮಾಡಿ ಟಾಕಿ ತುಂಬಸ್ರಿ. ಕಾಲ ನೋವಿನಾಕಿ ಬರಾಕತ್ತಾಳ, ನೀರಿಲ್ಲದ ಮನಿಗೆ ಹೆಂಗ ಕರಕೊಂಡ ಬರ್ಲಿ?” ಅಂದಳು. ಅಲ್ಲ, ನೂರಾರು ಶಾಲೆ ನೋಡಿಕೊಂಡವನಿಗೆ ಒಂದು ಟಾಕಿ ದೊಡ್ಡದೇ?

ಅವಳಿಗೆ ನನ್ನ ಮೇಲೆ ಭರವಸೆ ಸಾಲಲಿಲ್ಲ. ಕುಂದಗೋಳದಲ್ಲಿ ಎಲೆಕ್ಟ್ರಿಕ್ ಅಂಗಡಿ ಇಟ್ಟಿರುವ ಮಗಳು ರೂಪಾಳನ್ನು ಕರೆಸಿದಳು. ಅವಳು ಬಂದು ಲೈಟಿಗೊಂದು, ಫ್ರಿಜ್ಜಿನ ಬಾಗಿಲಿಗೊಂದು, ಟಾಕಿಯೊಳಗೊಂದು ಬೆರಳುದ್ದದ ಡಬ್ಬಿ ಕೂಡಿಸಿದಳು. ಅವೆಲ್ಲ ಪಡಸಾಲೆಯ ವೈಫೈ ಡಬ್ಬಿಗೆ ಸುದ್ದಿ ಮುಟ್ಟಿಸುತ್ತವಂತೆ. ನಮ್ಮೆಲ್ಲರ ಫೋನಿನಲ್ಲಿರುವ ಎಐಗೆ ಏನಾದರೂ ಕೇಳಿದರೆ, ಅದು ಇವುಗಳ ಸ್ಥಿತಿಗತಿ ವಿಚಾರಿಸಿ ಹೇಳುತ್ತದಂತೆ.

“ಲೈಟ್ ಉರಿಯಾಕತ್ತಿದ್ರ ಆರಸತೈತೇನವಾ?” ಎಂದೆ.

“ಇಲ್ಲಪ್ಪಾ, ಅದು ಬರೇ ನೋಡಿ ಹೇಳತೈತಿ. ಏನೂ ಮಾಡಂಗಿಲ್ಲ.”

ನನಗೆ ಮೈಯೆಲ್ಲ ಉರಿಯಿತು. ಕೆಲಸಕ್ಕೆ ಕೈ ಹಚ್ಚದೆ ಬರೀ ಚಾಡಿ ಹೇಳುವುದಕ್ಕೂ ಒಂದು ಯಂತ್ರವೇ? ಶಾಂತಾ ಹೊರಟ ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಅಳ್ನಾವರದಿಂದ ಅವಳ ಫೋನು: “ಹಗಲೊತ್ತಿನ್ಯಾಗ ಪಡಸಾಲಿ ಲೈಟ್ ಯಾಕ ಹಚ್ಚೀರಿ?” ಮಧ್ಯಾಹ್ನ ಇನ್ನೊಂದು: “ಊಟ ಆದ ಮ್ಯಾಲ ಐದು ಸಲ ಫ್ರಿಜ್ ತಗದೀರಂತಲ್ರಿ, ಪೇಡೆ ಎಷ್ಟ ಉಳದಾವು?” ನನಗೆ ಸಕ್ಕರೆ ಕಾಯಿಲೆ ಇರುವುದು ನಿಜ. ಆದರೆ ತಣ್ಣನೆಯ ನೀರು ಕುಡಿಯಲಿಕ್ಕೂ ಫ್ರಿಜ್ಜಿನ ಬಾಗಿಲು ತೆರೆಯುತ್ತಾರೆ ಎಂಬ ಸಣ್ಣ ವಿವೇಕವೂ ಆ ಯಂತ್ರಕ್ಕಿಲ್ಲವಲ್ಲ! ಅಂದು ಐದೂ ಸಲ ತೆರೆದದ್ದು ಪೇಡೆಗೇ ಎಂಬುದು ಬೇರೆ ಮಾತು.

ಮೂರನೆಯ ದಿನ ತಲೆ ಕೆಟ್ಟು, ವೈಫೈ ಡಬ್ಬಿಯ ವೈರನ್ನು ಕಿತ್ತು, ಡಬ್ಬಿಯನ್ನೇ ಕಪಾಟಿನಲ್ಲಿಟ್ಟೆ. ಏನು ಹೇಳಲಿ ಆ ಸುಖ! ಶಾಂತಾ ಏನೇ ಕೇಳಿದರೂ ಯಂತ್ರ ದಪ್ಪ ಅಕ್ಷರದಲ್ಲಿ ‘ಲೈಟ್ ಆರಿದೆ, ಬಾಗಿಲು ಮುಚ್ಚಿದೆ, ಟಾಕಿ ಬಹುತೇಕ ತುಂಬಿದೆ’ ಎನ್ನತೊಡಗಿತು. “ಭಾಳ ಶಾಣ್ಯಾ ಆಗೀರಿ ನೋಡ್ರಿ” ಎಂದು ಅವಳು ಹೊಗಳಿದಳು. ಹೊಗಳಿಕೆಯ ಹುರುಪಿನಲ್ಲಿ ನಾನು ದಿನಾ ಸಂಜೆ ಪೈಪು ಹಿಡಿದು ಅಂಗಳ ತೋಯಿಸಿದೆ, ಕರಿಬೇವಿಗೆ ಸ್ನಾನ ಮಾಡಿಸಿದೆ, ನನ್ನ ಸೈಕಲ್ಲನ್ನೂ ಎರಡು ಸಲ ತೊಳೆದೆ.

ಎಂಟನೆಯ ದಿನ ಮಧ್ಯಾಹ್ನ ಬಾಜೂ ಮನೆಯ ನೀಲವ್ವ ಗೋಡೆಯಾಚೆಯಿಂದ ಕೂಗಿದಳು: “ಕಾಕಾರ, ನೀರ ಬಂತ್ರೀ! ಮೋಟಾರ ಹಚ್ರಿ!” ನಾನು ಆಗಷ್ಟೇ ಆರಾಮ ಕುರ್ಚಿಯಲ್ಲಿ ಕಾಲು ಚಾಚಿದ್ದೆ. ಟಾಕಿಯಲ್ಲಿ ಎಷ್ಟು ನೀರಿದೆ ಎಂದು ನೋಡಬೇಕೆಂದರೆ ಮಾಳಿಗೆ ಹತ್ತಬೇಕು, ಅಲ್ಲಿಂದ ಏಣಿ ಹತ್ತಬೇಕು, ಟಾಕಿಯ ಮುಚ್ಚಳ ತೆಗೆಯಬೇಕು. ಕೈಯಲ್ಲೇ ಇದ್ದ ಫೋನಿಗೆ ಕೇಳಿದೆ. ‘ಟಾಕಿ ಬಹುತೇಕ ತುಂಬಿದೆ’ ಎಂದಿತು. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೇನೋ ಇತ್ತು. ಅದನ್ನು ಓದಲು ಕನ್ನಡಕಕ್ಕೆ ಏಳಬೇಕಿತ್ತು.

“ನಮ್ಮ ಟಾಕಿ ತುಂಬೇತವಾ! ನಮ್ಮ ಪಾಲಿನ ನೀರೂ ನೀವ ತುಂಬಕೋರಿ!” ಎಂದು ಕುರ್ಚಿಯಿಂದಲೇ ದಾನ ಮಾಡಿದೆ. ನೀಲವ್ವ ನಮ್ಮ ನಳಕ್ಕೆ ಪೈಪು ಹಚ್ಚಿ ತನ್ನ ಡ್ರಮ್ಮುಗಳನ್ನೆಲ್ಲ ತುಂಬಿಕೊಂಡು, ನಿಮ್ಮಂಥವರು ಇರಬೇಕ್ರಿ ಎಂದು ಹರಸಿದಳು.

ಮರುದಿನ ಬೆಳಿಗ್ಗೆ ಗಿರಿಜಕ್ಕನವರು ಊರುಗೋಲು ಹಿಡಿದು, ತಂಗಿಯ ಹೆಗಲ ಮೇಲೆ ಭಾರ ಹಾಕಿ ಬಂದಿಳಿದರು. ಶಾಂತಾ ಅಕ್ಕನ ಕಾಲಿಗೆ ನೀರು ಕೊಡಲು ಟಾಕಿಯ ನಳ ತಿರುವಿದಳು. ಅದು ಎರಡು ಸಲ ಕೆಮ್ಮಿ, ನಾಲ್ಕು ಹನಿ ಉದುರಿಸಿ ಸುಮ್ಮನಾಯಿತು. ಮುಂದಿನ ನೀರಿಗೆ ಇನ್ನೂ ಏಳು ದಿನ.

ನಾನು ಕೂಡಲೇ ರೂಪಾಳಿಗೆ ಫೋನು ಹಚ್ಚಿ ಹರಿಹಾಯ್ದೆ: “ನಿನ್ನ ಯಂತ್ರ ಹಸೀ ಸುಳ್ಳು ಹೇಳೇತಿ!” ಅವಳು ತನ್ನ ಫೋನಿನಲ್ಲಿ ನೋಡಿ, ಸಣ್ಣ ಅಕ್ಷರದ್ದನ್ನು ಎಲ್ಲರಿಗೂ ಕೇಳುವಂತೆ ಓದಿದಳು: “ಮನೆಯ ಸಂಪರ್ಕ ತಪ್ಪಿದೆ. ಇದು ಆರು ದಿನಗಳ ಹಿಂದಿನ ಮಾಹಿತಿ. ದಯವಿಟ್ಟು ಸ್ವತಃ ಪರಿಶೀಲಿಸಿ.” ಆಮೇಲೆ ಕೇಳಿದಳು, “ಅಪ್ಪಾ, ವೈಫೈ ಡಬ್ಬಿ ಎಲ್ಲೈತಿ?”

ನನ್ನ ಕಣ್ಣು ಹೋದ ಕಡೆಗೇ ಹೋಗಿ ಶಾಂತಾ ಕಪಾಟು ತೆರೆದು ಡಬ್ಬಿಯನ್ನು ಹೊರತೆಗೆದಳು.  ಮಾತಾಡಿದವರು ಗಿರಿಜಕ್ಕ. ಅವರು ನಿವೃತ್ತ ಹೆಡ್‌ಮಾಸ್ತರಬಾಯಿ. ನಾನು ತಪಾಸಣೆಗೆ ಹೋಗುತ್ತಿದ್ದ ಶಾಲೆಗಳಲ್ಲಿ ಅವರದೂ ಒಂದು. ಇಂದಿಗೂ ನನ್ನನ್ನು ಸಾಹೇಬರೆಂದೇ ಕರೆಯುತ್ತಾರೆ.

“ಯಂತ್ರಕ್ಕ ಯಾಕ ಬೈತೀರಿ ಸಾಹೇಬ್ರ? ನಮ್ಮ ಸಾಲಿ ಟಾಕಿ ಒಡದು ಮೂರು ವರ್ಷ ಹುಡುಗೂರು ಮನಿಯಿಂದ ಬಾಟ್ಲಿ ತಂದ್ವು. ಮೂರೂ ವರ್ಷ ನೀವು ‘ಹಿಂದಿನ ವರದಿಯಂತೆಯೇ ಇದೆ’ ಅಂತ ಬರದ್ರಿ. ಇದು ಪಾಪ, ಹಳೇ ಸುದ್ದಿ ಅಂತಾದ್ರೂ ಹೇಳೇತಿ. ನೀವೇ ಹೋಗಿ ನೋಡ್ರಿ ಅಂತನೂ ಹೇಳೇತಿ.”

 ಆ ಶಾಲೆಯ ಮಿರ್ಚಿ ನೆನಪಿದೆ, ಟಾಕಿ ನೆನಪಿಲ್ಲ. ನಿಜ ಹೇಳಬೇಕೆಂದರೆ ನಾಚಿಕೆಯಾಯಿತು. ನಾನು ಎರಡು ಕೊಡ ಹಿಡಿದು ನೀಲವ್ವನ ಬಾಗಿಲಿಗೆ ಹೋಗಿ, ಹಿಂದಿನ ದಿನ ದಾನ ಮಾಡಿದ ನೀರನ್ನೇ ಕೈಯೊಡ್ಡಿ ಬೇಡಿದೆ. ಏಳು ದಿನವೂ ಹೊತ್ತೆ. ದಿನವೂ ನೀಲವ್ವ “ಟಾಕಿ ತುಂಬೇತಿ ಅಂದಿದ್ರಲ್ರಿ ಕಾಕಾರ” ಎಂದು ಕೇಳುವುದನ್ನು ತಪ್ಪಿಸಲಿಲ್ಲ.

ಈಗ ವೈಫೈ ಡಬ್ಬಿ ತನ್ನ ಜಾಗಕ್ಕೆ ಬಂದಿದೆ. ನೀರು ಬರುವ ದಿನ ಶಾಂತಾ ಮೊದಲು ಫೋನನ್ನು ಕೇಳುತ್ತಾಳೆ. ಆಮೇಲೆ ನನ್ನನ್ನು ಕೇಳುತ್ತಾಳೆ. ಇಬ್ಬರ ಮಾತೂ ಕೇಳಿದ ಮೇಲೆ ಸೆರಗು ಸಿಕ್ಕಿಸಿ, ತಾನೇ ಏಣಿ ಹತ್ತಿ ಟಾಕಿಯೊಳಗೆ ಇಣುಕುತ್ತಾಳೆ. ನನಗೆ ಉಳಿದಿರುವುದು ಕೆಳಗೆ ನಿಂತು ಏಣಿ ಹಿಡಿಯುವ ಕೆಲಸ. ಹಿಡಿದಿದ್ದೇನೋ ಇಲ್ಲವೋ ಎಂದು ಅವಳು ಪ್ರತಿ ಮೆಟ್ಟಿಲಿಗೂ ಬಗ್ಗಿ ನೋಡುತ್ತಾಳೆ.