ಕಬ್ಬಿಣದ ಜೀರುಂಡೆಗಳ ಮೂರನೆಯ ಭಾಗ

ಸಿಂಧು, ಮನು, ನಿಮ್ಮಿಬ್ಬರಿಗೂ ಒಂದು ವಿಷಯದಲ್ಲಿ ನಾನು ಸುಳ್ಳು ಹೇಳಿದ್ದೇನೆ. ಎದುರಿಗೆ ಹೇಳಲು ಈಗಲೂ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಹಳ್ಳಿ ಶಾಲೆಯಲ್ಲೂ ಹೀಗೆಯೇ. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಬಾಯಿ ಬಿಡದೆ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ಏಳನೆಯ ತರಗತಿಗೆ ಶಾಲೆ ಮುಗಿಯಿತು, ಆ ಅಭ್ಯಾಸ ಮುಗಿಯಲಿಲ್ಲ.

ಸುಳ್ಳು ಏನೆಂದರೆ, ನಾನು ಸಿನಿಮಾಕ್ಕೆ ಬರುತ್ತಿದ್ದದ್ದು ನಿಮ್ಮನ್ನು ನೋಡಿಕೊಳ್ಳುವುದಕ್ಕಲ್ಲ. ನನಗೇ ಸಿನಿಮಾ ಬೇಕಾಗಿತ್ತು. ನಿಮ್ಮ ತಾತ ಹೋದ ಮೇಲೆ ರಾಮಕೃಷ್ಣನಗರದ ಮನೆಯಿಂದ ನಾನು ಹೊರಗೆ ಕಾಲಿಡುತ್ತಿದ್ದದ್ದು ದೇವಸ್ಥಾನಕ್ಕೆ, ತರಕಾರಿಗೆ, ಆಸ್ಪತ್ರೆಗೆ. ಈ ಮೂರಕ್ಕೂ ಯಾರೂ ಕಾರಣ ಕೇಳುವುದಿಲ್ಲ. ಸಿನಿಮಾಕ್ಕೆ ಹೊರಟರೆ ಕೇಳುತ್ತಾರೆ. ಕೇಳದಿದ್ದರೂ ಕೇಳಿದ ಹಾಗೆ ನನಗೇ ಅನ್ನಿಸುತ್ತದೆ. ಕಬ್ಬಿಣದ ಜೀರುಂಡೆಗಳು ಆಕಾಶದಿಂದಿಳಿದು ಊರನ್ನೇ ತಿನ್ನುವ ಆ ಇಂಗ್ಲಿಷ್ ಸಿನಿಮಾ ಬಂದಾಗ ನಿಮ್ಮಮ್ಮ, “ಮಕ್ಕಳ ಜೊತೆಗೆ ದೊಡ್ಡವರು ಒಬ್ಬರಿರಲಿ, ನೀವೇ ಹೋಗಿಬನ್ನಿ ಅತ್ತೆ” ಎಂದಳು. “ನನಗ್ಯಾಕಮ್ಮ ಅದೆಲ್ಲ” ಎನ್ನುತ್ತಲೇ ನಾನು ಸೀರೆ ಬದಲಾಯಿಸಿ ಆಗಿತ್ತು. ಎರಡನೆಯ ಭಾಗ ಬಂದಾಗಲೂ ಅದೇ ಮಾತು, ಅದೇ ಸೀರೆ.

ಮೂರನೆಯದು ಬರುವ ಹೊತ್ತಿಗೆ ಪೋಸ್ಟರಿನಲ್ಲಿ ‘ಕೊನೆಯ ಭಾಗ’ ಎಂದು ಹಾಕಿಬಿಟ್ಟರು. ನೀವಿಬ್ಬರೂ ಕುಣಿದಾಡಿದಿರಿ. ನನಗೆ ಮಾತ್ರ ಬೇರೆಯೇ ಯೋಚನೆ. ಜೀರುಂಡೆಗಳೇ ಮುಗಿದುಹೋದರೆ ಮುಂದೆ ನಾನು ಯಾವ ನೆಪದಲ್ಲಿ ಹೊರಡಲಿ? ಸಿನಿಮಾ ಚೆನ್ನಾಗಿದ್ದರೆ ಇಂಥದ್ದೇ ಇನ್ನೊಂದು ಬೇಕು ಎಂದು ನೀವು ಹಟ ಹಿಡಿಯುತ್ತೀರಿ, ನನ್ನ ದಾರಿ ಸುಗಮವಾಗುತ್ತದೆ ಎಂದುಕೊಂಡು, ಲಷ್ಕರ್ ಮೊಹಲ್ಲಾದ ಆಚೆ ಬಸ್ಸಿಳಿದವಳು ಥಿಯೇಟರಿನವರೆಗೂ ದೇವರಿಗೆ ಕೈಮುಗಿಯುತ್ತ ಬಂದೆ.

ದೇವರಿಗೆ ಇಂಗ್ಲಿಷ್ ಸಿನಿಮಾ ರೂಢಿಯಿಲ್ಲವೆಂದು ಕಾಣುತ್ತದೆ. ಮೊದಲ ಒಂದು ಗಂಟೆ ಏಳೆಂಟು ಜನ ಒಂದು ಮೇಜಿನ ಸುತ್ತ ನಿಂತು ಮಾತಾಡಿದ್ದೇ ಮಾತಾಡಿದ್ದು. ಒಂದು ಜೀರುಂಡೆಯ ಕಾಲೂ ಕಾಣಲಿಲ್ಲ. ಮನು ಕುರ್ಚಿಯಲ್ಲಿ ಜಾರಿ ಜಾರಿ ಅವನ ತಲೆ ಮಾತ್ರ ಕಾಣುತ್ತಿತ್ತು. ಸಿಂಧು ಮೂರು ಸಲ ಆಕಳಿಸಿದಳು. ನಾನು ಪರದೆಗಿಂತ ಹೆಚ್ಚಾಗಿ ನಿಮ್ಮ ಮುಖಗಳನ್ನೇ ನೋಡುತ್ತಿದ್ದೆ. ಸೆರಗಿನ ತುದಿಯನ್ನು ಸುತ್ತಿ, ಬಿಚ್ಚಿ, ಸುತ್ತಿ, ಅದು ಹಗ್ಗವಾಗಿಹೋಯಿತು. ಕೊನೆಗೆ ನಾಯಕ ಒಂದು ಕೆಂಪು ಗುಂಡಿ ಒತ್ತಿದ, ಲೋಕದ ಜೀರುಂಡೆಗಳೆಲ್ಲ ಒಟ್ಟಿಗೆ ಅಂಗಾತ ಬಿದ್ದವು. ಮನು ಎದ್ದು ನಿಂತು, “ಒಂದು ಗುಂಡೀಲಿ ಆಗೋದಾದ್ರೆ ಮೊದಲನೇ ಭಾಗದಲ್ಲೇ ಒತ್ಬೋದಿತ್ತಲ್ಲ!” ಎಂದ. ಅಕ್ಕಪಕ್ಕದವರು ಚಪ್ಪಾಳೆ ತಟ್ಟಿದರು. ಇಡೀ ಸಿನಿಮಾಕ್ಕೆ ಬಿದ್ದ ಚಪ್ಪಾಳೆ ಅದೊಂದೇ.

ಪರದೆಯ ಮೇಲೆ ಹೆಸರುಗಳು ಹತ್ತತೊಡಗಿದಾಗ ನಾನು ನಿಮ್ಮನ್ನು ಏಳಗೊಡಲಿಲ್ಲ. ನಮ್ಮೂರ ನಾಟಕದಲ್ಲಿ ಮಂಗಳ ಹಾಡುವ ತನಕ ಯಾರೂ ಏಳುತ್ತಿರಲಿಲ್ಲ. “ಅದು ಬರೀ ಹೆಸರು ಕಣಜ್ಜಿ!” ಎಂದ ಮನು. “ಇರಲಿ ಕಣೋ, ಅಷ್ಟು ಜನ ಕಷ್ಟಪಟ್ಟವ್ರೆ, ಕೂತ್ಕೋ” ಎಂದೆ. ನಿಜವಾಗಿ, ಇದೇ ಕೊನೆಯ ಸಲವೇನೋ ಎಂದು ನನಗೆ ಏಳಲು ಮನಸ್ಸಿರಲಿಲ್ಲ.

ಬಸ್ಸಿನಲ್ಲಿ ಸಿಂಧು, “ಭಾನುವಾರಾನೆಲ್ಲ ಹಾಳು ಮಾಡ್ಬುಟ್ರು. ಇನ್ಮೇಲೆ ಸಿನಿಮಾ ಸಹವಾಸಾನೇ ಬೇಡ” ಎಂದಳು. ನನ್ನ ನೆಪವೇ ಕೈಬಿಟ್ಟು ಹೋಗುತ್ತಿತ್ತು. ಜನರ ನಡುವೆ ಎಂದೂ ದನಿ ಎತ್ತದವಳು, ತುಂಬಿದ ಬಸ್ಸಿನಲ್ಲಿ ಶುರುಮಾಡಿಬಿಟ್ಟೆ. “ಆ ಮೇಕೆ ನೋಡಿದ್ರಾ? ಊರಿಗೂರೇ ಓಡ್ತಿದ್ರೆ ಅದು ನಿಂತು ಬೇಲಿ ಮೇಯ್ತಿತ್ತು. ನಾಯಕನ ತಾಯಿ ಆಲೂಗಡ್ಡೆ ಹೆರೆದದ್ದು? ಸಿಪ್ಪೆ ಒಂದೇ ಉದ್ದಕ್ಕೆ ಬಂತು! ಮುಂದಿನ ಸಾಲಿನ ಗಂಡ ಹೆಂಡ್ತಿ?” ಆ ಗಂಡ ಸಿನಿಮಾವನ್ನೆಲ್ಲ ಹೆಂಡತಿಗೆ ಕನ್ನಡದಲ್ಲಿ ಹೇಳುತ್ತ ಬಂದಿದ್ದ, ಒಂದಕ್ಷರ ಇಂಗ್ಲಿಷ್ ಬರದೆ. “ಅವಳ್ಯಾಕ್ ಅಳ್ತಾವ್ಳೆ?” ಎಂದು ಆಕೆ ಕೇಳಿದರೆ, “ಅತ್ತೆ ಮನೆಗೆ ಕಳಿಸ್ತಾವ್ರಲ್ಲ, ಅದ್ಕೇಯ” ಎಂದ. “ಅವಳು ಪೊಲೀಸು ಕಣ್ರೀ!” “ಪೊಲೀಸ್ನೋರ್ಗೆ ಅತ್ತೆ ಮನೆ ಇರಾಕಿಲ್ವಾ? ಸುಮ್ಕೆ ನೋಡು.” ನಾನು ಅವರಂತೆಯೇ ಆಡಿ ತೋರಿಸಿದಾಗ ಕಂಡಕ್ಟರೂ ನಕ್ಕ. ನೀವಂತೂ ಹೊಟ್ಟೆ ಹಿಡಿದುಕೊಂಡಿರಿ. ಅಲ್ಲಿಗೇ ನಿಲ್ಲಿಸಬಹುದಿತ್ತು. ಗೆದ್ದ ಹುರುಪಿನಲ್ಲಿ ಮನೆಗೆ ಬಂದು ಊಟದ ಹೊತ್ತಿನಲ್ಲೂ, “ತುಂಬಾ ಚೆನ್ನಾಗಿತ್ತು” ಎಂದುಬಿಟ್ಟೆ. ಸಾರಿನ ಉಪ್ಪಿನ ಬಗ್ಗೆಯೂ ಅಭಿಪ್ರಾಯ ಹೇಳದ ನನ್ನನ್ನು ನಿಮ್ಮಪ್ಪ ತುತ್ತನ್ನು ಕೈಯಲ್ಲೇ ಹಿಡಿದು ನೋಡಿದ.

ನಮ್ಮ ಕಡೆ ಊಟದಲ್ಲಿ ಯಾವುದನ್ನಾದರೂ ಚೆನ್ನಾಗಿದೆ ಎಂದರೆ ಅದನ್ನೇ ಇನ್ನೊಂದು ಸೌಟು ಬಡಿಸುತ್ತಾರೆ. ಇದು ಗೊತ್ತಿದ್ದೂ ಮರೆತೆ. ಮುಂದಿನ ಭಾನುವಾರ ನಿಮ್ಮಪ್ಪ ಟಿಕೆಟ್ ಹಿಡಿದು ಬಂದ. “ಹೊರಡವ್ವ, ನಿನಗೆ ಅಷ್ಟು ಇಷ್ಟ ಆಯ್ತಂತಲ್ಲ, ಇನ್ನೊಂದ್ಸಲ ನೋಡ್ಕೊಂಡು ಬರಾಣ.” ನೀವಿಬ್ಬರೂ ಪರೀಕ್ಷೆ ಎಂದು ಪುಸ್ತಕ ಹಿಡಿದು ಮೂಲೆ ಸೇರಿದಿರಿ, ನಿಮ್ಮ ಭುಜ ಕುಲುಕುತ್ತಿದ್ದದ್ದು ನನಗೆ ಕಂಡಿತು. ಗೇಟಿನ ಹತ್ತಿರ ಎದುರುಮನೆ ರತ್ನಮ್ಮ, “ಎಲ್ಲಿಗೆ ಅಮ್ಮ ಮಗ?” ಎಂದರು. ನಾನು ನೆಪ ಹುಡುಕುವಷ್ಟರಲ್ಲಿ ನಿಮ್ಮಪ್ಪ ಬೀದಿಗೆಲ್ಲ ಕೇಳುವ ಹಾಗೆ, “ನಮ್ಮವ್ವಂಗೆ ಸಿನಿಮಾ ಅಂದ್ರೆ ಪ್ರಾಣ ಕಣ್ರೀ!” ಎಂದ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಭೂಮಿ ಸುಮ್ಮನಿತ್ತು. ರತ್ನಮ್ಮ, “ಒಂದು ಮಾತು ಹೇಳೋದಲ್ವಾ? ನಾನೂ ಜೊತೆ ಇಲ್ದೆ ಮನೇಲೇ ಬಿದ್ದಿದ್ದೀನಿ. ನನಗೂ ತೋರಿಸಿ” ಎಂದರು. ಇಷ್ಟು ವರ್ಷ ನಾನು ಹೆದರಿದ್ದು ಇದಕ್ಕೆ!

ಆವತ್ತು ನಿಮ್ಮಪ್ಪ ಇಂಟರ್ವಲ್‌ಗೆ ಮೊದಲೇ ಗೊರಕೆ ಹೊಡೆದ. ನಡುನಡುವೆ ಎಚ್ಚರವಾಗಿ, “ಚೆನ್ನಾಗಿದ್ಯಾ ಅವ್ವ?” ಎನ್ನುತ್ತಿದ್ದ. “ಚೆನ್ನಾಗಿದೆ ಕಣಪ್ಪ, ನೀನು ಮಲಗು” ಎಂದೆ. ಅದರ ಮುಂದಿನ ವಾರ ರತ್ನಮ್ಮನಿಗಾಗಿ ಮೂರನೆಯ ಸಲ ನೋಡಿದೆ. ಆಮೇಲೆ ನಾವಿಬ್ಬರೂ ಯಾವ ಮಗುವಿನ ನೆಪವೂ ಇಲ್ಲದೆ ಎಷ್ಟು ಸಿನಿಮಾ ನೋಡಿದೆವೋ ಲೆಕ್ಕವಿಲ್ಲ. ಆದರೆ ನಿಮ್ಮಪ್ಪನ ತಲೆಯಲ್ಲಿ ಉಳಿದದ್ದು ಇದೊಂದೇ. ಸಿ.ಡಿ. ಬಂದ ದಿನವೇ ತಂದ. ಈಗ ಪ್ರತಿ ಹಬ್ಬಕ್ಕೂ ಊಟವಾದ ಮೇಲೆ ಹಾಕಿ ನನ್ನ ಮುಖವನ್ನೇ ನೋಡುತ್ತ ಕೂರುತ್ತಾನೆ. ನಾನೂ ನಗುನಗುತ್ತ ನೋಡುತ್ತೇನೆ.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ ಮಕ್ಕಳೇ, ಆದರೆ ನಿಮ್ಮಪ್ಪನ ಕೈಗೆ ಸಿಗದ ಕಡೆ ಇಡಿ. ಅವನಿಗೇನಾದರೂ ಹೇಳಲೇಬೇಕು ಅನ್ನಿಸಿದರೆ, ಅಜ್ಜಿಗೆ ಬೇರೆ ಸಿನಿಮಾಗಳೂ ಇಷ್ಟವಂತೆ ಎಂದು ಅಷ್ಟು ಮಾತ್ರ ಹೇಳಿ.